‘ಎಡವಿದಳು’ ಎಂಬ ಮಾತು ಯಾರದು ಎಂಬ ಬಗ್ಗೆ

ನನ್ನ ಹೆಸರು, ತಂದೆಯ ಹೆಸರು ಮತ್ತು ತೀರಿಹೋದ ಯಜಮಾನರ ಹೆಸರನ್ನು ಮೇಲಿನ ಕಾಲಂಗಳಲ್ಲಿ ಬರೆಸಿದ್ದೇನೆ. ವಯಸ್ಸು ಎಪ್ಪತ್ತೊಂದು. ವಿದ್ಯಾಭ್ಯಾಸ ಹೈಸ್ಕೂಲು, ಪಾಸು. ಕಸುಬು, ನಾಟಕ ಬೀದಿಯ ದೊಡ್ಡ ಥಿಯೇಟರಿನಲ್ಲಿ ಪ್ರಾಂಪ್ಟರ್. ಅಂದರೆ ಪಕ್ಕದ ಪರದೆಯ ಹಿಂದೆ ಕುಳಿತು, ನಟರು ಮಾತು ಮರೆತಾಗ ಎತ್ತಿಕೊಡುವ ಕೆಲಸ. ಎರಡು ವರ್ಷದ ಹಿಂದೆ ನಿವೃತ್ತಿಯಾಯಿತು. ವಾಸ, ಅದೇ ಥಿಯೇಟರಿನ ಹಿಂದಿನ ಓಣಿ, ಇಸ್ತ್ರಿ ಅಂಗಡಿಯ ಮೇಲಿನ ಮನೆ. ಮಗ ಸೊಸೆ ನನ್ನ ಜೊತೆ ಇದ್ದಾರೆ. ನಾನು ಅವರ ಜೊತೆ ಇಲ್ಲ. ಮನೆ ನನ್ನ ಹೆಸರಿನಲ್ಲಿದೆ. ನನ್ನನ್ನು ಯಾರೂ ಕರೆಸಿಲ್ಲ. ನಾನೇ ನಡೆದುಬಂದು, ತಮ್ಮೆದುರು ಕುಳಿತು, ಈ ಮೂಲಕ ತಿಳಿಸುವುದೇನೆಂದರೆ:

ನಿನ್ನೆ ಸಂಜೆ ಥಿಯೇಟರಿನ ಎದುರಿನ ಹೋಟೆಲಿನಲ್ಲಿ ಬಡಿಸುವ ಹೆಂಗಸು ಎಡವಿ, ಬಿಸಿ ಸೂಪನ್ನು ತನ್ನ ಕೈಮೇಲೆ ತಾನೇ ಚೆಲ್ಲಿಕೊಂಡಳು ಎಂದು ತಮ್ಮ ಬೀಟ್ ಪೊಲೀಸಿನವರು ಬರೆದುಕೊಂಡಿದ್ದಾರೆ. ಕಣ್ಣಾರೆ ಕಂಡು ಹಾಗೆಂದವಳು ನಾನು ಎಂದೂ ಬರೆದಿದ್ದಾರೆ. ಇದು ತಪ್ಪು. ‘ಎಡವಿದಳು’ ಎಂಬ ಮಾತು ನನ್ನ ಬಾಯಿಂದ ಬಂದದ್ದು ನಿಜ. ಆದರೆ ಅದು ನಾನು ಹೇಳಿದ ಮಾತಲ್ಲ. ಈ ಎರಡಕ್ಕೂ ಇರುವ ವ್ಯತ್ಯಾಸವನ್ನು ತಿಳಿಸಲು ಬಂದಿದ್ದೇನೆ. ಯಾರು ಏನು ಅಂದರೋ ಅದನ್ನು ಅಂದ ಹಾಗೆಯೇ ಬರೆಸುತ್ತೇನೆ, ದಯವಿಟ್ಟು ಸಾಹೇಬರು ಚಂದ ಮಾಡಲು ಹೋಗಬಾರದು. ಒಮ್ಮೆ ಕಿವಿಗೆ ಬಿದ್ದ ಮಾತು ನನಗೆ ಮರೆಯುವುದಿಲ್ಲ. ನಾನು ಅನ್ನ ತಿಂದದ್ದು ಅದರಲ್ಲೇ.

ನಿನ್ನೆ ಶನಿವಾರ, ಮಧ್ಯಾಹ್ನದ ಆಟಕ್ಕೆ ನಾನು, ಸೊಸೆ ಮತ್ತು ಮಗಳು ಹೋಗಿದ್ದೆವು. ಮಗಳು ಊರಿನ ಆಚೆ ತುದಿಯಲ್ಲಿದ್ದಾಳೆ, ಅಂಚೆ ಕಚೇರಿಯಲ್ಲಿ ಕೆಲಸ. ನಾಟಕದ ಮುಖ್ಯ ಪಾತ್ರಧಾರಿ ನನ್ನ ಮಗ, ವಯಸ್ಸು ನಲವತ್ತೆಂಟು. ಜಮೀನ್ದಾರನ ಪಾತ್ರ ಮಾಡಿ ಮಾಡಿ ಬೀದಿಯವರೆಲ್ಲ ಅವನನ್ನು ‘ಧಣಿ’ ಎಂದೇ ಕರೆಯುತ್ತಾರೆ. ಧಣಿಯ ಕೋಟನ್ನು ಥಿಯೇಟರಿನಲ್ಲಿ ಬಿಚ್ಚಿಡುತ್ತಾನೆ, ಗತ್ತನ್ನು ಮನೆಗೆ ತರುತ್ತಾನೆ.

ಮೂರನೇ ಅಂಕದಲ್ಲಿ ಧಣಿ ಬಾಗಿಲಲ್ಲಿ ನಿಂತು ಹೆಂಡತಿಗೆ ‘ಈ ಮನೆಯ ದೀಪ ಆರಿಸಿದವನು ನಾನೇ’ ಎನ್ನಬೇಕು. ನಾಟಕ ನಿಂತಿರುವುದೇ ಆ ಮಾತಿನ ಮೇಲೆ. ಮಗ ‘ಈ ಮನೆಯ’ ಎಂದವನು ಅಲ್ಲೇ ನಿಂತ. ಎಡಗಡೆ ನೋಡಿದ. ಎಡಗಡೆಯ ಪರದೆಯ ಹಿಂದೆ ಮೂವತ್ತೆಂಟು ವರ್ಷ ನಾನು ಕುಳಿತಿದ್ದೆ. ಈಗ ಅಲ್ಲಿ ಬೆಂಕಿ ಆರಿಸುವ ಮರಳಿನ ಬಕೆಟ್ ಇಟ್ಟಿದ್ದಾರೆ. ನಾನು ಎದ್ದ ಮೇಲೆ ಆ ಜಾಗಕ್ಕೆ ಇನ್ನೊಬ್ಬರು ಬೇಡವೆಂದು ಮ್ಯಾನೇಜರ್ ತೀರ್ಮಾನಿಸಿದರಂತೆ. ಮಗ ಮರಳಿನ ಬಕೆಟ್ಟನ್ನು ನೋಡಿ, ಕೆಮ್ಮಿ, ಆ ಮಾತನ್ನು ನುಂಗಿ ಕುರ್ಚಿಯಲ್ಲಿ ಕುಳಿತ. ಆರನೇ ಸಾಲಿನಲ್ಲಿ ನನ್ನ ತುಟಿ ಅಲ್ಲಾಡಿತು. ಅಷ್ಟು ದೂರಕ್ಕೆ ಅದು ತಲುಪುವುದಿಲ್ಲ. ಜನ ಚಪ್ಪಾಳೆ ತಟ್ಟಿದರು. ಈ ಸಂಗತಿ ಗೊತ್ತಾದದ್ದು ಮೂವರಿಗೆ ಮಾತ್ರ ಎಂದುಕೊಂಡೆ: ಅವನಿಗೆ, ನನಗೆ, ಎದುರು ನಿಂತಿದ್ದ ನಟಿಗೆ. ನಾಲ್ಕನೆಯವಳೊಬ್ಬಳಿದ್ದಳು.

ಆಟ ಮುಗಿದ ಮೇಲೆ, ಆರು ಗಂಟೆಗೆ, ನಾಲ್ವರೂ ಬೀದಿ ದಾಟಿ ಎದುರಿನ ಹೋಟೆಲಿಗೆ ಹೋದೆವು. ಅದು ಮೊದಲು ವಿಗ್ ಅಂಗಡಿಯಾಗಿತ್ತು. ಗೋಡೆಯುದ್ದದ ಕನ್ನಡಿ ಈಗಲೂ ಇದೆ. ಬಾಗಿಲ ಮೇಲೆ ಕೆಂಪು ಅಕ್ಷರದಲ್ಲಿ ‘ಏಷ್ಯನ್ ಫ್ಯೂಷನ್’ ಎಂದು ಬರೆದಿದ್ದಾರೆ. ಫ್ಯೂಷನ್ ಎಂದರೇನು ಎಂದು ಮಗಳನ್ನು ಕೇಳಿದೆ. ಏಳೆಂಟು ದೇಶದ ಅಡುಗೆಯನ್ನು ಸೇರಿಸಿ ಮಾಡುವುದು ಎಂದಳು. ನಮ್ಮ ಕಾಲದಲ್ಲಿ ಅದಕ್ಕೆ ಕಲಬೆರಕೆ ಅಂತಿದ್ರು ಎಂದೆ. ಬೀದಿಯ ನಾಟಕದವರೆಲ್ಲ ಅಲ್ಲಿಗೇ ಹೋಗುತ್ತಾರೆ, ಏಕೆಂದರೆ ಅಗ್ಗ. ಆ ದಿನದ ಆಟದ ಟಿಕೆಟ್ಟಿನ ಚೂರು ತೋರಿಸಿದರೆ ಸೂಪು ಬಿಟ್ಟಿ. ಕಲೆ ಹೊಟ್ಟೆ ತುಂಬಿಸುವುದಿಲ್ಲ ಎನ್ನುತ್ತಾರೆ, ಅಲ್ಲಿ ಟಿಕೆಟ್ಟಿನ ಚೂರು ತುಂಬಿಸುತ್ತದೆ.

ನಾವು ಕುಳಿತ ಕ್ರಮ ಹೀಗೆ. ಮಗನ ಎಡಕ್ಕೆ ನಾನು. ನಮ್ಮೆದುರು ಸೊಸೆ ಮತ್ತು ಮಗಳು, ಅವರ ಬೆನ್ನಿಗೆ ಕನ್ನಡಿ. ಮಗನ ಬಲಗೈ ನನಗೆ ಮರೆಯಾಗಿತ್ತು ಎಂದು ನಾಳೆ ಯಾರಾದರೂ ಹೇಳಬಹುದು. ಕನ್ನಡಿಯಲ್ಲಿ ಚೆನ್ನಾಗಿ ಕಾಣುತ್ತಿತ್ತು.

ಬಡಿಸಲು ಬಂದವಳಿಗೆ ಮೂವತ್ತೈದರ ಆಸುಪಾಸು. ಸಣ್ಣ ಆಳು. ಅಡುಗೆಮನೆಯಿಂದ ಅವಳನ್ನು ‘ಗುಬ್ಬಚ್ಚೀ’ ಎಂದು ಕೂಗುತ್ತಿದ್ದರು. ಎಡ ಮುಂಗೈ ಮೇಲೆ ಸಾಲಾಗಿ ತಟ್ಟೆ ಜೋಡಿಸಿಕೊಂಡು, ಬಲಗೈಯಲ್ಲಿ ಟ್ರೇ ಹಿಡಿದು, ಕುರ್ಚಿಗಳ ನಡುವೆ ಯಾರಿಗೂ ತಾಕದೆ ಓಡಾಡುತ್ತಿದ್ದಳು. ಉಳಿದವರಿಗೆ ತಿನ್ನುವ ಕಡ್ಡಿಗಳನ್ನು ಇಟ್ಟು, ನನ್ನ ಹತ್ತಿರ ಬಗ್ಗಿ, “ಅಮ್ಮಾ, ನಿಮಗೆ ಕಡ್ಡಿ ಬೇಡ ಅಲ್ವಾ, ಚಮಚ ತರ್ಲಾ?” ಎಂದಳು.

“ಚಮಚಾನೇ ತಾ. ಕಡ್ಡಿ ಆಡಿಸೋ ಕೆಲಸ ನಮ್ಮನೇಲಿ ಬೇರೆಯವರು ನೋಡ್ಕೋತಾರೆ” ಎಂದೆ.

ಸೊಸೆ ತನ್ನ ಕಡ್ಡಿ ಕೆಳಗಿಟ್ಟು, “ಚಮಚಾಗಳಿಗೂ ಥಿಯೇಟರಲ್ಲಿ ಬರ ಇರ್ಲಿಲ್ಲ ಬಿಡಿ ಅತ್ತೆ, ನಿಮ್ಮ ಸುತ್ತ ಎಷ್ಟು ಜನ ಇದ್ರು” ಎಂದಳು. ಉತ್ತರ ಚೆನ್ನಾಗಿತ್ತು, ಅಲ್ಲಗಳೆಯುವುದಿಲ್ಲ. ಈ ಹಾಸ್ಯವನ್ನು ಬರೆಸಲು ಕಾರಣವಿದೆ. ಬಡಿಸುವ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಮಗ ಅದನ್ನು ನೋಡಿದ. ಊಟದ ಮೇಜಿನಲ್ಲಿ ಜನ ಬೇರೆಯವರ ಮಾತಿಗೆ ನಗುವುದು ಅವನಿಗೆ ಆಗುವುದಿಲ್ಲ. ಆಗಲೇ ಅವನ ಮುಖ ಗಂಟಾಯಿತು.

ಸಿಹಿ ಹಾಕಿದ ನೂಡಲ್ಸ್ ಬಂತು, ಹಸಿರು ಬಣ್ಣದ ಕಡುಬಿನಂಥದ್ದು ಬಂತು. ರುಚಿಯ ಬಗ್ಗೆ ನನ್ನ ದೂರೇನೂ ಇಲ್ಲ, ಉಪ್ಪು ಹದವಾಗಿತ್ತು. ಸೋಮವಾರ ಹೊಸ ನಾಟಕದ ಪಾತ್ರ ಹಂಚುತ್ತಾರೆಂದೂ ದೊಡ್ಡ ಪಾತ್ರ ಇವರಿಗೇ ಎಂದು ಮ್ಯಾನೇಜರ್ ಬಾಯಿಬಿಟ್ಟಿದ್ದಾರೆಂದೂ ಸೊಸೆ ಹೇಳಿದಳು. ಮೂರನೇ ಅಂಕದ ವಿಷಯ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಆರೂವರೆಯ ಹೊತ್ತಿಗೆ ಅವಳು ಸೂಪು ತಂದಳು. ಆ ಹೋಟೆಲಿನಲ್ಲಿ ಸೂಪನ್ನು ಒಲೆಯ ಮೇಲೆ ಕಾಯಿಸಿದ ಕಲ್ಲಿನ ಬಟ್ಟಲಲ್ಲೇ ತರುತ್ತಾರೆ. ಮೇಜಿಗೆ ಬಂದ ಮೇಲೂ ಕೊತಕೊತ ಕುದಿಯುತ್ತಿರುತ್ತದೆ. ಟ್ರೇಯಲ್ಲಿ ಎರಡು ಬಟ್ಟಲಿದ್ದವು. ಅವಳು ಮಗನ ಬಲಕ್ಕೆ ಬಂದು ನಿಂತಳು. ನಿಂತಳು ಎಂಬುದನ್ನು ಗುರುತಿಸಿಕೊಳ್ಳಬೇಕು. ನಿಂತವರು ಎಡವುವುದಿಲ್ಲ.

ನಿಂತವಳು, ಹೋಟೆಲಿನಲ್ಲಿ ಮಧ್ಯಾಹ್ನ ಬಿಡುವಿದ್ದಾಗ ಥಿಯೇಟರಿನ ಬಾಗಿಲು ಕಾಯುವವನು ಮೂರನೇ ಅಂಕಕ್ಕೆ ತನ್ನನ್ನು ಮೇಲಿನ ಬಾಲ್ಕನಿಗೆ ಬಿಡುತ್ತಾನೆಂದೂ, ತಾನು ಆ ಅಂಕವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲವೆಂದೂ ಮಗನಿಗೆ ಹೇಳಿದಳು. ಆಮೇಲೆ, “ಸರ್, ಇವತ್ತು ದೀಪದ ಮಾತು ಬಿಟ್ಬಿಟ್ರಲ್ಲಾ? ಈ ಮನೆಯ ದೀಪ ಆರಿಸಿದವನು ನಾನೇ. ಅದನ್ನ ಕೇಳೋಕೇ ನಾನು ಬರೋದು” ಎಂದಳು. ಕೊಂಕು ಇರಲಿಲ್ಲ. ಕೊಂಕು ಇದ್ದರೆ ನನಗೆ ತಿಳಿಯುತ್ತದೆ. ಮಾತನ್ನು ಸರಿಯಾಗಿ ಹೇಳಿದಳು, ‘ದೀಪ’ ಎಂಬಲ್ಲಿ ಒತ್ತು ಕೊಟ್ಟು. ನನ್ನ ಮಗ ಹನ್ನೆರಡು ವರ್ಷದಿಂದ ‘ನಾನೇ’ ಎಂಬಲ್ಲಿ ಒತ್ತು ಕೊಡುತ್ತಾನೆ.

ನನ್ನ ಮಗಳು ನಕ್ಕುಬಿಟ್ಟಳು. “ಅಮ್ಮಂಗೆ ವಾರಸುದಾರಳು ಸಿಕ್ಕಿದ್ಲು ಬಿಡೋ” ಎಂದಳು.

ಮಗ ಆ ಹೆಂಗಸಿಗೆ, “ನಂಗೆ ಪಾಠ ಹೇಳ್ಕೊಡೋಕೆ ಬರ್ತೀಯಾ? ತಟ್ಟೆ ಎತ್ತೋಳು ತಟ್ಟೆ ಎತ್ತು” ಎಂದ. ಎನ್ನುತ್ತಲೇ ಬಲಗೈಯ ಹಿಂಬದಿಯಿಂದ ಟ್ರೇಯನ್ನು ಕೆಳಗಿನಿಂದ ಮೇಲಕ್ಕೆ ಹೊಡೆದ. ಕನ್ನಡಿಯಲ್ಲಿ ನೋಡಿದೆ. ಕೈತಪ್ಪಿ ತಾಕಿದ್ದಲ್ಲ, ಹೊಡೆದದ್ದು. ಅವಳ ಕಡೆಗಿದ್ದ ಬಟ್ಟಲು ಮಗುಚಿ ಅವಳ ಎಡ ಮುಂಗೈ ಮೇಲೆ, ಮೊಣಕೈಯಿಂದ ಬೆರಳಿನ ತನಕ ಸುರಿಯಿತು. ಬಟ್ಟಲು ನೆಲಕ್ಕೆ ಬಿದ್ದರೂ ಒಡೆಯಲಿಲ್ಲ. ಅವಳು ಕಿರುಚಲಿಲ್ಲ. “ಅಯ್ಯೋ, ಸರ್ ನಿಮ್ಮ ಶರ್ಟು” ಎಂದು ಮೊದಲು ಅವನ ತೋಳು ನೋಡಿದಳು. ಶರ್ಟಿಗೆ ಒಂದು ಹನಿಯೂ ಬಿದ್ದಿರಲಿಲ್ಲ. ಆಮೇಲೆ ಅವಳ ಮುಖದ ಬಣ್ಣ ಹೋಯಿತು.

ಅಡುಗೆಯವನು ಓಡಿಬಂದು ಅವಳನ್ನು ಒಳಗೆ ನಲ್ಲಿಯ ಕೆಳಗೆ ಕರೆದೊಯ್ದ. ಹಿಂದಿನ ಮೇಜಿನ ಗಿರಾಕಿಯೊಬ್ಬರು ಪೊಲೀಸರಿಗೆ ಫೋನು ಮಾಡಿದರು. ಹೋಟೆಲಿನ ಯಜಮಾನ ಬಂದು, ಯಾರ ಕೈಗೆ ಏನಾಯಿತು ಎಂದು ಕೇಳುವ ಮೊದಲು ಬಟ್ಟಲನ್ನು ಎತ್ತಿ ಬಿರುಕು ಬಿಟ್ಟಿದೆಯೇ ಎಂದು ದೀಪಕ್ಕೆ ಹಿಡಿದು ನೋಡಿದ. ಸೊಸೆ ಸುಮ್ಮನೆ ಕೂರಲಿಲ್ಲ. ಚಪ್ಪಲಿಯ ತುದಿಯಿಂದ ಕಾರ್ಪೆಟ್ಟಿನ ಅಂಚನ್ನು ಮೀಟಿ ಮಡಿಕೆ ಮಾಡಿದಳು. ಆಮೇಲೆ ಯಜಮಾನನಿಗೆ ಆ ಮಡಿಕೆಯನ್ನೇ ತೋರಿಸಿ, “ಇಂಥ ಕಾರ್ಪೆಟ್ ಹಾಸಿದ್ರೆ ಯಾರು ತಾನೇ ಬೀಳಲ್ಲ ಹೇಳಿ” ಎಂದಳು. ನನ್ನ ಕಡೆ ತಿರುಗಿ ದನಿ ಇಳಿಸಿ, “ಅತ್ತೆ, ಸೋಮವಾರದ ತನಕ ಬಾಯಿಗೆ ಬೀಗ. ನಿಮ್ಮ ಕಾಲಿಗೆ ಬೀಳ್ತೀನಿ” ಎಂದಳು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವಳು ನನ್ನ ಕಾಲಿಗೆ ಬೀಳುತ್ತೇನೆ ಎಂದದ್ದು ಅದೇ ಮೊದಲು.

ಏಳು ಗಂಟೆಗೆ ಮುಂಚೆಯೇ ಬೀಟ್ ಪೊಲೀಸಿನವರು ಬಂದರು. ಏನು ನಡೆಯಿತು ಎಂದು ಮಗನನ್ನು ಕೇಳಿದರು. ಮಗ ಎದ್ದುನಿಂತ. ಕೂತೇ ಹೇಳಬಹುದಿತ್ತು. ನಾಟಕದ ದನಿಯಲ್ಲಿ, “ಆಕೆ ಸೂಪಿನ ಬಟ್ಟಲುಗಳನ್ನು ಹಿಡಿದು ಬರುತ್ತಿದ್ದಳು. ಇಲ್ಲಿ ಕಾರ್ಪೆಟ್ ಮಡಚಿಕೊಂಡಿತ್ತು. ಆಕೆಯ ಕಾಲು ಅದಕ್ಕೆ ಸಿಕ್ಕಿ…” ಎಂದ. ನಿಂತ. ಎಡಗಡೆ ನೋಡಿದ.

ಎಡಗಡೆ ನಾನಿದ್ದೆ.

ನನ್ನ ಕಸುಬಿನ ರೀತಿ ತಮಗೆ ತಿಳಿದಿರಲಿಕ್ಕಿಲ್ಲ, ಆದ್ದರಿಂದ ಬರೆಸುತ್ತೇನೆ. ನಟ ನಿಂತರೆ ಮನಸ್ಸಿನಲ್ಲಿ ಮೂರು ಎಣಿಸಬೇಕು. ಒಂದಕ್ಕೇ ಕೊಟ್ಟರೆ ನಟ ಕೆಡುತ್ತಾನೆ, ನಾಲ್ಕಕ್ಕೆ ಬಿಟ್ಟರೆ ನಾಟಕ ಕೆಡುತ್ತದೆ. ಮೂರಕ್ಕೆ ಸರಿಯಾಗಿ, ದನಿಯಿಲ್ಲದೆ, ಉಸಿರಿನಲ್ಲಿ, ಒಂದೇ ಮಾತು. ಆ ಮಾತು ಒಳ್ಳೆಯದೋ ಕೆಟ್ಟದೋ ಎಂದು ಎತ್ತಿಕೊಡುವವಳು ನೋಡುವುದಿಲ್ಲ. ಕೊಲೆಗಾರನ ಮಾತನ್ನೂ ಕೊಟ್ಟಿದ್ದೇನೆ, ಸಾಧುವಿನ ಮಾತನ್ನೂ ಕೊಟ್ಟಿದ್ದೇನೆ, ಎರಡೂ ನನ್ನವಲ್ಲ. ಮಗ ನನ್ನ ಕಡೆ ನೋಡಿದ. ಮೂರಾಯಿತು. ನನ್ನ ಬಾಯಿ ‘ಎಡವಿದಳು’ ಎಂದಿತು.

ಥಿಯೇಟರಿನಲ್ಲಿ ಆ ಉಸಿರು ನಟನ ಕಿವಿಗೆ ತಲುಪಿ ಮೊದಲ ಸಾಲಿಗೆ ತಲುಪದೆ ನಿಲ್ಲುತ್ತದೆ. ಹೋಟೆಲು ಸಣ್ಣದು. ಎಲ್ಲರಿಗೂ ಕೇಳಿಸಿತು. ಮಗ ಹಗುರಾಗಿ, “ಎಡವಿದಳು” ಎಂದ. ಬೀಟ್ ಪೊಲೀಸಿನವರು ಅವನನ್ನು ಬಿಟ್ಟು ನನ್ನ ಕಡೆ ತಿರುಗಿ, “ಹಿರಿಯರು ನೀವೇ ಹೇಳಿದ್ಮೇಲೆ ಇನ್ನೇನಿದೆ ಬಿಡಿ ಅಮ್ಮ” ಎಂದು ಬರೆದುಕೊಂಡರು.

ಆಗಲೇ ಏಕೆ ತಿದ್ದಲಿಲ್ಲ ಎಂದು ತಾವು ಈಗ ಕೇಳಿದಿರಿ. ತಿದ್ದುವಷ್ಟರಲ್ಲಿ ಇನ್ನೊಬ್ಬಳು ಆ ಮಾತನ್ನು ತೆಗೆದುಕೊಂಡಳು. ಬಡಿಸುವ ಹೆಂಗಸು ಅಡುಗೆಮನೆಯ ಬಾಗಿಲಲ್ಲಿ, ಕೈಗೆ ಒದ್ದೆ ಟವೆಲ್ ಸುತ್ತಿಕೊಂಡು ನಿಂತಿದ್ದಳು. ಪೊಲೀಸಿನವರು ಹೌದೇನಮ್ಮ ಎಂದು ಅವಳನ್ನು ಕೇಳಿದರು. ಅವಳು ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. “ಹೌದು ಸರ್, ಎಡವಿದೆ” ಎಂದಳು. ನಾನು ಎತ್ತಿಕೊಟ್ಟ ಮಾತನ್ನು ಅಷ್ಟು ಚೆನ್ನಾಗಿ ತೆಗೆದುಕೊಂಡವರು ಮೂವತ್ತೆಂಟು ವರ್ಷದಲ್ಲಿ ಇನ್ನೊಬ್ಬರಿಲ್ಲ. ಇದೂ ಪೂರ್ತಿ ಉತ್ತರವಲ್ಲ. ಅವನು ನನ್ನ ಮಗ. ತಿದ್ದಲಿಲ್ಲ. ಹಾಗೆಯೇ ಬರೆದುಕೊಳ್ಳಿ.

ಪೊಲೀಸಿನವರು ಹೋದ ಮೇಲೆ ಮಗ ತಟ್ಟೆಯಲ್ಲಿ ಉಳಿದದ್ದನ್ನು ತಿಂದ. ಸೊಸೆ ನೂಡಲ್ಸ್ ಪಾರ್ಸೆಲ್ ಕಟ್ಟಿಸಿದಳು. ಮಗಳು ಏನೂ ತಿನ್ನದೆ ಬಸ್ಸು ಹಿಡಿದು ಹೋದಳು. ಬಾಗಿಲ ಹತ್ತಿರ ಹೋಟೆಲಿನ ಯಜಮಾನ ಆ ಹೆಂಗಸಿಗೆ, “ಎಡವಿದ್ದು ನೀನು. ಆಸ್ಪತ್ರೆ ಖರ್ಚು ನನ್ನ ತಲೆಗೆ ಕಟ್ಬೇಡ. ಕೈ ವಾಸಿಯಾದ್ಮೇಲೆ ಬಾ, ನೋಡೋಣ” ಎನ್ನುತ್ತಿದ್ದದ್ದು ಕೇಳಿಸಿತು. ನಮ್ಮ ಬೀದಿಯಲ್ಲಿ ‘ನೋಡೋಣ’ ಎಂದರೆ ‘ಇಲ್ಲ’ ಎಂದರ್ಥ. ಅವಳನ್ನು ಕೆಲಸದಿಂದ ತೆಗೆದವನು ಅವನಲ್ಲ, ‘ಎಡವಿದಳು’ ಎಂಬ ಮಾತು.

ಈ ದಿನ ಬೆಳಿಗ್ಗೆ ನಾನು ಹೋಟೆಲಿನ ಹಿಂಬಾಗಿಲಿಗೆ ಹೋಗಿ ಅಡುಗೆಯವನನ್ನು ವಿಚಾರಿಸಿ, ಅಲ್ಲಿಂದ ಸರ್ಕಾರಿ ಆಸ್ಪತ್ರೆಗೆ ಹೋದೆ. ಸುಟ್ಟಗಾಯದ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಹಾಸಿಗೆ. ಎಡಗೈಗೆ ಪೂರ್ತಿ ಬ್ಯಾಂಡೇಜು. ನಾನು ಹೋದಾಗ ಅವಳು ಆಸ್ಪತ್ರೆಯ ಊಟದ ತಟ್ಟೆಯನ್ನು ಬಲ ಮುಂಗೈ ಮೇಲೆ ನಿಲ್ಲಿಸಿ ನೋಡುತ್ತಿದ್ದಳು. ತಟ್ಟೆ ಜಾರುತ್ತಿತ್ತು. ನನ್ನನ್ನು ಕಂಡು ಕೆಳಗಿಟ್ಟಳು. ಎರಡು ಬೆರಳು ಇನ್ನು ಪೂರ್ತಿ ನೆಟ್ಟಗಾಗುವುದು ಅನುಮಾನ ಎಂದು ಡಾಕ್ಟರು ಹೇಳಿದ್ದಾಗಿ ತಿಳಿಸಿದಳು. ಮನೆಯಲ್ಲಿ ದುಡಿಯುವವಳು ತಾನೊಬ್ಬಳೇ ಎಂದೂ ತಿಳಿಸಿದಳು. ಅಳಲಿಲ್ಲ.

“ಎಡವಿದೆ ಅಂತ ಯಾಕೆ ಹೇಳ್ದೆ?” ಎಂದು ಕೇಳಿದೆ.

“ನೀವು ಹೇಳಿದ್ರಲ್ಲಮ್ಮ” ಎಂದಳು. “ಥಿಯೇಟರ್ನೋರೆಲ್ಲ ಅಂತಾರೆ, ಅಮ್ಮ ಕೊಟ್ಟ ಮಾತು ಯಾವತ್ತೂ ತಪ್ಪಾಗಿಲ್ಲ ಅಂತ. ನಾನೇ ಎಡವಿರ್ಬೇಕು ಅಂದ್ಕೊಂಡೆ.”

ನನ್ನ ಬಗ್ಗೆ ಯಾರಾದರೂ ಆಡಿದ ಹೊಗಳಿಕೆಯಲ್ಲಿ ಅದೇ ಕೊನೆಯದಾಗಲಿ ಎಂದು ಮನಸ್ಸಿನಲ್ಲಿ ಅಂದುಕೊಂಡು ಎದ್ದು ಬಂದೆ. ಅವಳಿಗೆ ಹಣ ಕೊಡಲಿಲ್ಲ. ಹಣ ಕೊಟ್ಟರೆ ಬಾಯಿ ಮುಚ್ಚಿಸಲು ಬಂದಳು ಎಂದಾಗುತ್ತದೆ.

ಮನೆಗೆ ಬಂದಾಗ ಹನ್ನೊಂದು ಗಂಟೆ. ಮಗ ಸೋಮವಾರಕ್ಕಾಗಿ ಹೊಸ ನಾಟಕದ ಮಾತು ಒಪ್ಪಿಸುತ್ತಿದ್ದ. ಸೊಸೆ ಪುಸ್ತಕ ಹಿಡಿದು ಎತ್ತಿಕೊಡುತ್ತಿದ್ದಳು. ಒಂದಕ್ಕೇ ಕೊಡುತ್ತಾಳೆ, ಮೂರರ ತನಕ ಕಾಯುವುದಿಲ್ಲ. ನಾನು ಮಗನಿಗೆ, “ಚಪ್ಪಲಿ ಹಾಕ್ಕೋ. ಸ್ಟೇಷನ್‌ಗೆ ಹೋಗೋಣ. ಏನು ಮಾಡಿದ್ಯೋ ಅದನ್ನ ನಿನ್ನ ಬಾಯಲ್ಲಿ ಹೇಳು” ಎಂದೆ.

ಸೊಸೆ ಪುಸ್ತಕ ಮಡಚಿ, ಪಾತ್ರ ಕೈತಪ್ಪಿದರೆ ಇನ್ನೊಂದು ಸಲ ಅವನಿಗೆ ಯಾರೂ ಪಾತ್ರ ಕೊಡುವುದಿಲ್ಲವೆಂದೂ, ಹೆತ್ತವಳೇ ಹೀಗೆ ಮಾಡಿದರೆ ಊರು ಉಗಿಯುತ್ತದೆಂದೂ ಹೇಳಿದಳು. “ಯಾರೋ ತಟ್ಟೆ ಎತ್ತೋಳಿಗೋಸ್ಕರ ಈ ಮನೆ ದೀಪ ಆರಿಸ್ತೀರಾ ಅತ್ತೆ?” ಎಂದಳು.

“ಆ ಮಾತು ನಿನ್ನ ಗಂಡನ ಪಾಲಿಂದು. ನನಗೆ ಕೊಡ್ಬೇಡ” ಎಂದೆ.

ಮಗ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಬಾಗಿಲಲ್ಲಿ ನಿಂತು, ಧಣಿಯ ದನಿಯಲ್ಲಲ್ಲ, ಎಂಟು ವರ್ಷದವನಿದ್ದಾಗಿನ ದನಿಯಲ್ಲಿ, “ಅಲ್ಲಿ ಏನಂತ ಹೇಳ್ಲಿ ಅಮ್ಮಾ?” ಎಂದು ನನ್ನನ್ನೇ ಕೇಳಿದ.

ನಾನು ಒಂದು ಎಣಿಸಿದೆ, ಎರಡು ಎಣಿಸಿದೆ, ಮೂರು ಎಣಿಸಿದೆ. ನಾಲ್ಕಕ್ಕೆ ಮೆಟ್ಟಿಲಿಳಿದು ಬಂದೆ.

ಅವನು ನನ್ನ ಹಿಂದೆಯೇ ನಡೆದುಬಂದು ಈಗ ಠಾಣೆಯ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾನೆ. ನಾನು ಅವನನ್ನು ಕರೆತರಲಿಲ್ಲ. ಅವನಾಗಿಯೇ ಬಂದದ್ದು, ಇದನ್ನೂ ಬರೆದುಕೊಳ್ಳಿ. ಬಡಿಸುವ ಹೆಂಗಸು ಎಡವಲಿಲ್ಲ. ನನ್ನ ಮಗ ಟ್ರೇಗೆ ಹೊಡೆದ. ಕಾರ್ಪೆಟ್ಟಿನ ಮಡಿಕೆ ನನ್ನ ಸೊಸೆಯದು. ನಿನ್ನೆ ಬರೆದುಕೊಂಡದ್ದನ್ನು ಹೊಡೆದುಹಾಕಿ, ಆ ಹೆಂಗಸಿನ ಹೇಳಿಕೆಯನ್ನು ನಾನಿಲ್ಲದ ಕಡೆ ಮತ್ತೊಮ್ಮೆ ಪಡೆದು, ಅವಳ ಕೈಗೂ ಕೆಲಸಕ್ಕೂ ಹೊಣೆ ಯಾರೆಂದು ಕಾನೂನಿನ ಪ್ರಕಾರ ತೀರ್ಮಾನಿಸಬೇಕೆಂದು ಕೋರುತ್ತೇನೆ.

ಇನ್ನೊಂದು ಕೋರಿಕೆ. ನನ್ನ ಮಗನನ್ನು ಒಳಗೆ ಕರೆದು ಕೇಳುವಾಗ ನನ್ನನ್ನು ಹೊರಗೆ, ಕಿವಿಗೆ ಬೀಳದಷ್ಟು ದೂರ ಕಳಿಸಬೇಕು. ಅವನು ಮಾತಿನ ನಡುವೆ ನಿಲ್ಲುತ್ತಾನೆ, ಎಡಗಡೆ ನೋಡುತ್ತಾನೆ. ಆಗ ಅಲ್ಲಿ ಯಾರೂ ಇರಕೂಡದು. ಅವನ ಮೇಲೆ ನನಗೆ ನಂಬಿಕೆ ಇಲ್ಲ ಎಂದಲ್ಲ. ನನ್ನ ಬಾಯಿಯ ಮೇಲೆ ಇಲ್ಲ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ಎರಡು ಕಡೆ ಮಾತು ತಪ್ಪಿತ್ತು, ತಿದ್ದಿಸಿದ್ದೇನೆ. ಇದರಲ್ಲಿರುವುದೆಲ್ಲ ನಾನು ಕಂಡದ್ದು, ಕೇಳಿದ್ದು ಮತ್ತು ನಿಜ. ಇದನ್ನು ಹೇಳುವಾಗ ಎಲ್ಲಿಯೂ ನನಗೆ ಯಾರೂ ಒಂದು ಮಾತನ್ನೂ ಎತ್ತಿಕೊಟ್ಟಿಲ್ಲ.

ಸ್ಥಳ: ನಾಟಕ ಬೀದಿ ಪೊಲೀಸ್ ಠಾಣೆ
ದಿನ: ಭಾನುವಾರ, ತಿಂಗಳ ಹದಿನಾಲ್ಕು, ಮಧ್ಯಾಹ್ನ

ಸಹಿ (ಹೆಬ್ಬೆಟ್ಟಲ್ಲ, ನಾನೇ ಬರೆದದ್ದು)